ಬಚ್ಚಲಿನ ಕಾನೂನು

ತೀರಿಕೊಂಡ ಗಂಡನ ಕೋಟಿಗೆ ಕೊನೆಯ ಗುಂಡಿ ಹಾಕಿ ಅಹಲ್ಯಾ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಭಾಸ್ಕರ ಶವಸಂಸ್ಕಾರ ಗೃಹದ ಆ ಕೋಣೆಯೊಳಗೆ ಬಂದ. ಅವರು ಬಂದು ನೆಲೆಸಿದ್ದ ಪರದೇಶದ ಊರು ಡ್ಯಾಂಡಿನಾಂಗಿನಲ್ಲಿ ಎರಡು ಮನೆ ಆಚೆಗಿದ್ದ ಇಂಜಿನಿಯರು. ಮೂರು ದಿನದಿಂದ ಓಡಾಟವೆಲ್ಲ ಅವನದೇ.

"ಆಂಟಿ, ಯೂನಿವರ್ಸಿಟಿಯಿಂದ ಡಿಪಾರ್ಟ್‌ಮೆಂಟ್ ಹೆಡ್ ಬಂದಿದಾರೆ. ಅಂಕಲ್ ಬಗ್ಗೆ ಎರಡು ಮಾತಾಡ್ತಾರಂತೆ."

"ಕೆಲಸದಿಂದ ತೆಗೆದೋರೇ ತಾನೆ?"

"ಅಮ್ಮಾ, ಪ್ಲೀಸ್. ನಾಟ್ ಟುಡೇ," ಎಂದಳು ಮಗಳು ವಿಜಯಾ.

*

ಎರಡು ವರ್ಷದ ಹಿಂದೆ, ತೊಂಬತ್ತೊಂದರ ರಿಸೆಷನ್ನಿನಲ್ಲಿ, ಬದರಿನಾಥ ಒಂದು ಮಧ್ಯಾಹ್ನ ತಮ್ಮ ಪುಸ್ತಕಗಳನ್ನೆಲ್ಲ ಬಾಳೆಹಣ್ಣಿನ ಪೆಟ್ಟಿಗೆಗಳಲ್ಲಿ ತುಂಬಿಕೊಂಡು ಮನೆಗೆ ಬಂದಿದ್ದರು. ಹದಿನೆಂಟು ವರ್ಷ ಅವರು ಪಾಠ ಮಾಡಿದ್ದು ಒಂದೇ ವಿಷಯ: ೧೯೨೪ರಲ್ಲಿ ಇಂಗ್ಲೆಂಡಿನಲ್ಲಿದ್ದ ಕಾರ್ಮಿಕ ಪಕ್ಷದ ಸರ್ಕಾರ.

"ಒಂಬತ್ತು ತಿಂಗಳು ಬದುಕಿದ ಸರ್ಕಾರದ ಪಾಠ ಯಾರಿಗೆ ಬೇಕು ಅಂದ್ಬಿಟ್ರು."

"ಅಂಥಾದ್ದೇನಿತ್ತು ಅದರಲ್ಲಿ?" ಅಹಲ್ಯಾ ಕೇಳಿದಳು. ಅಷ್ಟು ವರ್ಷದಲ್ಲಿ ಅವಳು ಅದನ್ನು ಕೇಳಿದ್ದು ಅದೇ ಮೊದಲು.

"ಬಹುಮತ ಇರ್ಲಿಲ್ಲ ಕಣೇ. ಇನ್ನೊಂದು ಪಕ್ಷದ ದಯದಲ್ಲಿ ನಿಂತಿದ್ರು. ಆದ್ರೂ ಕೂಲಿಯವರಿಗೆ ಬಾಡಿಗೆ ಮನೆ ಕಟ್ಟಿಕೊಡಿ ಅಂತ ಊರೂರಿನ ಮುನಿಸಿಪಾಲಿಟಿಗೂ ದುಡ್ಡು ಕೊಡೋ ಕಾನೂನು ಮಾಡಿದ್ರು. ಸರ್ಕಾರ ಬಿದ್ದುಹೋಯ್ತು, ಮನೆಗಳು ಮಾತ್ರ ಏಳ್ತಾನೇ ಹೋದ್ವು. ಪ್ರತಿ ಮನೆಗೂ ಒಂದು ಬಚ್ಚಲು ಇರ್ಬೇಕು ಅಂತ ಕಾನೂನಲ್ಲೇ ಬರೆದಿದ್ರು." ಪೆಟ್ಟಿಗೆಯೊಂದನ್ನು ಗೋಡೆಗೆ ಒತ್ತರಿಸಿ ಹೇಳಿದರು: "ನಮ್ಮಮ್ಮ ಕತ್ತಲಿರೋವಾಗ್ಲೇ ಎದ್ದು ಬೀದಿ ನಲ್ಲೀಲಿ ನೀರು ಹುಯ್ಕೋತಿದ್ಲು. ಸೀರೆ ಉಟ್ಕೊಂಡೇ."

ಮೈಸೂರಿನಲ್ಲಿ ಕಂಡವರ ಮನೆ ಪಾತ್ರೆ ತಿಕ್ಕಿ ಮಗನನ್ನು ಓದಿಸಿದ ಪುಟ್ಟಮ್ಮನ ಬಗ್ಗೆ ಅವರು ಆಡಿದ್ದು ಅಷ್ಟೇ. ಆಮೇಲೆ ಯಾವ ಕಾಲೇಜೂ ಅವರನ್ನು ಕರೆಯಲಿಲ್ಲ. ಪೆಟ್ಟಿಗೆಗಳು ಗ್ಯಾರೇಜಿನಲ್ಲೇ ಉಳಿದವು.

*

ಸಂಸ್ಕಾರಕ್ಕೆ ನೆರೆದವರ ಮುಂದೆ ಹೆಡ್ ಕಾಗದ ಬಿಡಿಸಿ ಇಂಗ್ಲಿಷಿನಲ್ಲಿ ಶುರುಮಾಡಿದರು. ಬದ್ರಿ ಇಲ್ಲದಿದ್ದರೆ ತಮ್ಮ ವಿದ್ಯಾರ್ಥಿಗಳಿಗೆ ಭಾರತದ ಇತಿಹಾಸವೇ ಗೊತ್ತಾಗುತ್ತಿರಲಿಲ್ಲವಂತೆ. ಗಾಂಧಿಯ ಬಗ್ಗೆ ಅವರಷ್ಟು ಚೆನ್ನಾಗಿ ಹೇಳಿದವರೇ ಇಲ್ಲವಂತೆ.

ಅಹಲ್ಯಾ ಎದ್ದು ನಿಂತಳು. ಇಪ್ಪತ್ತು ವರ್ಷ ಆಡಿದ ಇಂಗ್ಲಿಷು ಆ ಹೊತ್ತಿಗೆ ಕೈಕೊಟ್ಟಿತು. "ನಾಟ್ ಇಂಡಿಯಾ," ಎಂದಳು. "ಇಂಗ್ಲೆಂಡ್. ಪೂರ್ ಪೀಪಲ್... ಹೌಸ್. ಬಾತ್‌ರೂಮ್."

ಯಾರೋ ಕೆಮ್ಮಿದರು. ವಿಜಯಾ ತಾಯಿಯ ಸೆರಗು ಜಗ್ಗಿ ಕೂರಿಸಿದಳು. ಹೆಡ್ ಕನಿಕರದಿಂದ ತಲೆಯಾಡಿಸಿ ಗಾಂಧಿಯನ್ನೇ ಮುಂದುವರಿಸಿದರು.

"ಚೆನ್ನಾಗಿ ಮಾತಾಡಿದ್ರು, ಅಲ್ವಾ ಆಂಟಿ?" ಎಂದ ಭಾಸ್ಕರ, ಎಲ್ಲ ಮುಗಿದ ಮೇಲೆ.

ಅಹಲ್ಯಾ ಹೊರಬಾಗಿಲ ಕಡೆ ನಡೆದಳು. ಅದರ ಪಕ್ಕದಲ್ಲಿ, ಆ ದಿನದ ಸಂಸ್ಕಾರಗಳ ಹೆಸರು ಹಾಕುವ ಕಪ್ಪು ಹಲಗೆಯಿಂದ ಅಲ್ಲಿನ ಕೆಲಸದ ಹೆಂಗಸೊಬ್ಬಳು ಬದರಿನಾಥರ ಹೆಸರಿನ ಬಿಳಿ ಪ್ಲಾಸ್ಟಿಕ್ ಅಕ್ಷರಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕುತ್ತಿದ್ದಳು. ಎರಡು ಗಂಟೆಗೆ ಸಂಸ್ಕಾರವಿದ್ದವರ ಹೆಸರಿಗೂ ಬೇಕಾಗಿದ್ದವೋ ಏನೋ, ಮೂರು 'ಎ'ಗಳನ್ನು ಮಾತ್ರ ಹಲಗೆಯ ಮೇಲೇ ಬಿಟ್ಟು, ಪಕ್ಕಕ್ಕೆ ಸರಿಸಿದಳು.