ಹಾರ್ಟು ಅಂತ ಹೇಳು

"ಇನ್ನೂ ಬಿಗಿಯಾಗಿ ಎಳಿ," ಎಂದಳು ರಾಚಮ್ಮ, ನಾದಿನಿಯ ಹೆಣದ ಹೊಟ್ಟೆಗೆ ಹಳೆಯ ಸೀರೆಯ ತುಂಡು ಸುತ್ತುತ್ತಾ.

ಇನ್ನೊಂದು ತುದಿ ಸತ್ತವಳ ಮಗಳು ದೀಪಳ ಕೈಯಲ್ಲಿತ್ತು. ಬಟ್ಟೆಯ ಅಡಿಯಲ್ಲಿ, ಆಪರೇಷನ್ ಮಾಡಿ ಹೊಟ್ಟೆಗೆ ಅಂಟಿಸಿದ್ದ ಅವ್ವನ ಮಲದ ಚೀಲ. ಆರು ತಿಂಗಳು ಸೆರಗಿನ ಮರೆಯಲ್ಲೇ ಇದ್ದದ್ದು.

"ಅತ್ತೆ, ಚೀಲ ತಗ್ದು ತೊಳ್ದುಬುಡಮ. ಕೂರ್ಸುದ್ರೆ ಒತ್ಕತದೆ."

"ಬಚ್ಚಲಿಗೆ ತಕಂಡೋದ್ರೆ ಯಳಂದೂರ್ ಬೀಗ್ರ ಕಣ್ಣಿಗೆ ಬೀಳ್ತದೆ. ಮುಂದಿನ ತಿಂಗ್ಳು ನಿನ್ ಮದ್ವೆ, ಗ್ಯಾನ ಇರ್ಲಿ. ಯಾರ್ ಕೇಳುದ್ರೂ ಹಾರ್ಟು ಅಂತ ಹೇಳು."

ದೀಪ ಎಳೆದಳು.

*

ಚೀಲ ಹಾಕಿದಾಗ ಮೈಸೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. "ಹಿಂದೆ ಬಂದಿದ್ದ ಗರ್ಭಕೋಶದ್ದು ಹರಡಿದ್ದಲ್ಲಮ್ಮ. ಇದು ಕರುಳಲ್ಲೇ ಹೊಸದಾಗಿ ಹುಟ್ಟಿರೋದು. ಎರಡೂ ಬೇರೆ ಬೇರೆ ಕ್ಯಾನ್ಸರ್. ವಂಶದಲ್ಲೇ ಇರಬಹುದು. ಮಗಳಿಗೆ ಪರೀಕ್ಷೆ ಮಾಡಿಸಿ, ತಡ ಮಾಡಬೇಡಿ."

ವಾಪಸು ಬರುವ ಕೊಳ್ಳೇಗಾಲದ ಬಸ್ಸಿನಲ್ಲಿ ಅವ್ವ ಶಿವರತ್ನಮ್ಮ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೂತಿದ್ದಳು. ರೇಷ್ಮೆಗೂಡು ಬೇಯಿಸುವ ನೀರಿನಲ್ಲಿ ಅವು ಎಂದೋ ಬಿಳಿಚಿ ಸುಕ್ಕುಗಟ್ಟಿದ್ದವು.

"ಅಪ್ಪ ಇಲ್ದ ಹೆಣ್ಮಗ ನೀನು. ಇಪ್ಪತ್ತು ವರ್ಸ ಈ ಕೈ ಬೇಯಿಸ್ಕಂಡಿದ್ದು ಯಾಕೆ? ತಾಳಿ ಬೀಳ್ಲಿ. ಆಮೇಲೆ ಏನ್ ಪರೀಕ್ಷೆ ಬೇಕೋ ಮಾಡಿಸ್ಕೊ."

ಆಮೇಲೆ ಒಂದು ದಿನ, ಮುಟ್ಟಿನ ದಿನವಲ್ಲದಿದ್ದರೂ, ದೀಪಳಿಗೆ ಬಚ್ಚಲಲ್ಲಿ ರಕ್ತ ಕಾಣಿಸಿಕೊಂಡಿತು. ಅವಳು ಅವ್ವನಿಗೆ ಹೇಳಲಿಲ್ಲ.

*

ಅವರ ಜನದಲ್ಲಿ ಹೆಣವನ್ನು ಕೂರಿಸಿಯೇ ಹೂಳುವುದು. ಹೂವಿನ ಮಂಟಪದಲ್ಲಿ ಶಿವರತ್ನಮ್ಮನನ್ನು ಕೂರಿಸಿ, ತಲೆ ವಾಲದಂತೆ ಹಿಂದಿನ ಕೋಲಿಗೆ ಬಟ್ಟೆ ಕಟ್ಟಿದ್ದರು. ಯಳಂದೂರಿನಿಂದ ಬಂದಿದ್ದ ಮದುವೆ ಹುಡುಗನ ತಾಯಿ ದೀಪಳ ಕೈ ಹಿಡಿದುಕೊಂಡಿದ್ದಳು.

"ನರಳ್ದೆ ಹೋದ್ಲು, ಪುಣ್ಯವಂತೆ. ಅಳಬ್ಯಾಡ ಕಣವ್ವ, ಇನ್ನು ನಾನೇ ನಿಮ್ಮವ್ವ."

ದೀಪಳಿಗೆ ಆ ಕೈ ಬೆಚ್ಚಗೆನಿಸಿತು.

ಸೋದರಮಾವ ಜಡೇಸ್ವಾಮಿ ಮಂಟಪಕ್ಕೆ ಹೆಗಲು ಕೊಡಲು ಬಗ್ಗಿದ. ಆಗ ಅವ್ವನ ಸೀರೆಯ ಮೇಲೆ ಕಂದು ಕಲೆಯೊಂದು ಅಗಲವಾಗತೊಡಗಿತು. ವಾಸನೆ ಎದ್ದಿತು.

"ಇದೇನಿದು?" ಹುಡುಗನ ತಾಯಿ ಸೆರಗು ಮೂಗಿಗೆ ಹಿಡಿದಳು.

"ಬಿಸ್ಲು ಕಣಕ್ಕ," ಎಂದು ರಾಚಮ್ಮ ಕಟ್ಟುಗಟ್ಟಲೆ ಊದುಬತ್ತಿ ಹಚ್ಚಿದಳು.

"ಬೆಳಗ್ಗೆ ಸತ್ತೋರು, ಅಷ್ಟು ಬೇಗ್ನೆ ಇಂಗಾಯ್ತದಾ? ನೀ ಹೇಳವ್ವ ದೀಪ. ನಿಜ ಹೇಳು."

ರಾಚಮ್ಮ ಹಿಂದಿನಿಂದ ದೀಪಳ ತೋಳು ಚಿವುಟಿದಳು.

"ಕರುಳಿನ ಕ್ಯಾನ್ಸರು. ಅದುಕ್ಕೂ ಮದ್ಲು ಗರ್ಭಕೋಶದ್ದು," ಎಂದಳು ದೀಪ. "ನಂಗೂ ರಕ್ತ ಓಯ್ತದೆ. ಮದ್ವೆಗೆ ಮುಂಚೆ ಪರೀಕ್ಷೆ ಮಾಡಿಸ್ಬೇಕು. ನೀವೇ ಕರ್ಕಂಡೋಗಿ."

ಹುಡುಗನ ತಾಯಿ ಕೈ ಬಿಟ್ಟಳು. "ಏಳ್ರಪ್ಪ, ಕಾರ್ ತಗೀರಿ."

ಜಡೇಸ್ವಾಮಿ ಮಂಟಪ ಬಿಟ್ಟು ಓಡಿದ. "ಅಕ್ಕಾ, ನಿಂತ್ಕಳಿ! ಸಂಕಟಕ್ಕೆ ಬಾಯಿಗೆ ಬಂದುದ್ದು ಬಡ್ಕತಾವ್ಳೆ! ಹುಡ್ಗಿಗೆ ಏನೂ ಆಗಿಲ್ಲ ಕಣಕ್ಕ!"

ಅವನ ಹಿಂದೆ ರಾಚಮ್ಮ, ಅವಳ ಹಿಂದೆ ಹೆಗಲು ಕೊಡಲು ಬಂದವರೂ ರಸ್ತೆಗೆ ನಡೆದರು. ತಮಟೆ ನಿಂತಿತು.

ಕೋಲಿಗೆ ಕಟ್ಟಿದ್ದ ಬಟ್ಟೆ ಸಡಿಲವಾಗಿ ಅವ್ವನ ತಲೆ ಎದೆಯ ಮೇಲೆ ಬಿದ್ದಿತು. ದೀಪ ಗಲ್ಲಕ್ಕೆ ಅಂಗೈ ಕೊಟ್ಟು ಅದನ್ನು ಎತ್ತಿದಳು. ಬಿಟ್ಟಳು, ಮತ್ತೆ ಬಿದ್ದಿತು. ಮತ್ತೆ ಎತ್ತಿ, ಇನ್ನೊಂದು ಕೈಯಲ್ಲಿ ನೊಣ ಓಡಿಸುತ್ತಾ, ಹಾಗೇ ಹಿಡಿದು ನಿಂತಳು.