ಆಶಮ್ಮನ ಚಂಬು

ಸೋಮವಾರ ಬೆಳಿಗ್ಗೆ ಐದು ನಲವತ್ತಕ್ಕೆ ಆಶಮ್ಮ ಎದೆನೋವಿನಿಂದ ತೀರಿಕೊಂಡಳು. ಒಂಬತ್ತೂವರೆಗೆ ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ, ಅವಳ ಮನೆಯಂಗಳದಲ್ಲಿ, ಹೆಣಕ್ಕೆ ನೀರು ಹಾಕುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ, ಒಂದು ಚಂಬು ಹಾಕಿ ಹಿಂದೆ ಸರಿಯುತ್ತಿದ್ದರು. ಚಂಬು ಅವಳದೇ.

“ಇದ ಚಂಬು ಹಿಡಕೊಂಡು ಕುಡಿ ಕುಡಿ ಅಂತ ಜೀವ ತಿಂತಿದ್ಳು,” ಎಂದಳು ಪಕ್ಕದ ಮನೆಯ ಸುಗುಣಮ್ಮ. “ಸ್ಕ್ಯಾನಿಂಗಿಗೆ ಹೊಟ್ಟಿ ತುಂಬ ನೀರಿರಬೇಕು, ತಡಕೋ ಅಂತಿದ್ಳು. ತಡೀಲಾರದ ಒಂದಕ್ಕ ಹೋಗಿ ಬಂದ್ರ, ಮತ್ತ ಮೊದಲಿಂದ!”

“ನೀ ಮೂರು ಸಲ ಹೋಗಿದ್ದಿ,” ಎಂದಳು ಎದುರು ಮನೆಯ ಬುಚ್ಚಮ್ಮ. ಅಳುತ್ತಿದ್ದವರಲ್ಲಿ ಇಬ್ಬರು ನಕ್ಕರು.

ಆಶಮ್ಮ ಇಪ್ಪತ್ತಾರು ವರ್ಷ ಆಸ್ಪತ್ರೆಯ ಹೆಂಗಸರ ವಿಭಾಗದಲ್ಲಿ ಆಯಾ ಆಗಿದ್ದಳು. ಮೊದಲ ಮೂರು ತಿಂಗಳ ಬಸುರಿಯರನ್ನು ನೋಡುವ ಕೋಣೆಯ ಬಾಗಿಲಲ್ಲಿ ಕೂತು ಹೆಸರು ಕರೆಯುವುದು ಅವಳ ಕೆಲಸ. ಶನಿವಾರವೂ ಕರೆದಿದ್ದಳು. ಅವಳಿಗೆ ಮಕ್ಕಳಿರಲಿಲ್ಲ.

ಬುಚ್ಚಮ್ಮನ ಸೊಸೆ ನವನೀತಾ ತಮ್ಮ ಮನೆಯ ಹೊಸ್ತಿಲಲ್ಲೇ ನಿಂತಿದ್ದಳು. ಅವಳಿಗೆ ಎರಡನೇ ತಿಂಗಳು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಈ ಸಲ ಗಂಡನನ್ನು ಬಿಟ್ಟರೆ ಆಶಮ್ಮನಿಗೆ ಮಾತ್ರ ಹೇಳಿದ್ದಳು. ಆಶಮ್ಮ ಚೀಟಿ ಬರೆಸಿಟ್ಟಿದ್ದ ಸ್ಕ್ಯಾನಿಂಗ್ ಅಂದೇ, ಮಧ್ಯಾಹ್ನ ಎರಡಕ್ಕೆ.

ಬಸುರಿ ಹೆಣದ ಹತ್ತಿರ ಹೋಗಬಾರದೆಂಬುದು ಓಣಿಯ ಪದ್ಧತಿ. ಹೋಗದಿದ್ದರೆ ಗುಟ್ಟು ಹೊರಬೀಳುತ್ತದೆ. ನವನೀತಾಳಿಗೆ ಒಮ್ಮೆ ಆ ಮುಖ ನೋಡಬೇಕಿತ್ತು.

*

ಕಳೆದ ವರ್ಷ, ಎರಡನೆಯದು ಹೋದ ದಿನ, ಆಸ್ಪತ್ರೆಯ ಬೆಂಚಿನ ಮೇಲೆ ನವನೀತಾ ಆಶಮ್ಮನನ್ನು ಕೇಳಿದ್ದಳು: “ಮಗ್ಗದ ಗುಂಡಿಗೆ ಇಳದು ಹತ್ತಿದ್ದಕ್ಕ ಹೋತೇನ್ ದೊಡ್ಡವ್ವ?”

“ಮಗ್ಗಕ್ಕ ಹೋಗಂಗಿಲ್ಲ, ಕೊಡ ಹೊತ್ರ ಹೋಗಂಗಿಲ್ಲ. ಕೆಲವು ಮೊದಲಿಂದನ ಸರಿ ಕಟ್ಟಿರಂಗಿಲ್ಲ ಅಂತಾರ ಡಾಕ್ಟರಮ್ಮ. ನಿಂದೇನೂ ತಪ್ಪಿಲ್ಲ.”

ದಿನವೂ ಯಾರಿಗಾದರೂ ಹೇಳುತ್ತಿದ್ದ ಮಾತು ಅದು. ಆಮೇಲೆ ಚಂಬನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: “ನಮ್ಮವ್ವ ಸತ್ತಾಗ ನನಗ ಮೂರನೇ ತಿಂಗಳು ನಡದಿತ್ತು. ಯಾರಿಗೂ ಹೇಳಿದ್ದಿಲ್ಲ. ಅವ್ವಗ ನೀರು ಹಾಕಿದೆ. ಒಂಬತ್ತನೇ ದಿನಕ್ಕ ಹೋತು.”

“ನೀರು ಹಾಕಿದ್ದಕ್ಕಲ್ಲಲ್ಲ?”

“ಅಲ್ಲ ಅಂತ ಎಲ್ಲಾರಿಗೂ ಹೇಳ್ತೀನಿ.” ಬೆಂಚಿನ ಆ ತುದಿಯ ಹೆಂಗಸಿಗೆ ಕುಡಿಯಲು ಸನ್ನೆ ಮಾಡಿದಳು. “ಇದ್ದಿದ್ರ ಈಗ ಮೂವತ್ತೆರಡು ತುಂಬ್ತಿತ್ತು.”

*

ನವನೀತಾ ಓಣಿ ದಾಟಿದಳು. ಬುಚ್ಚಮ್ಮ ಎದ್ದು ಬಂದು ಅವಳ ಮುಂಗೈ ಹಿಡಿದಳು.

“ನೀ ಬರಬ್ಯಾಡ. ಮನಿಗಿ ನಡಿ.”

“ಯಾಕ್ರೀ ಅತ್ತಿ?”

“ಹೋದ ತಿಂಗಳು ಹೊರಗ ಕುಂತಿಲ್ಲ ನೀ. ನನಗ ಕಣ್ಣಿಲ್ಲೇನು?”

ಅಂಗಳದ ಹೆಂಗಸರು ತಿರುಗಿ ನೋಡಿದರು.

“ನೀರು ಹಾಕಿದ್ರ ಏನೂ ಆಗಂಗಿಲ್ರಿ. ದೊಡ್ಡವ್ವನ ಹೇಳ್ಯಾಳ.”

“ಹೇಳ್ತಿದ್ಳು. ಆಕೀನ ಅವ್ವಗ ನೀರು ಹಾಕಿ ಕಳಕೊಂಡ್ಳು.”

“ಗೊತ್ತೈತ್ರಿ. ಒಮ್ಮೆ ನೋಡ್ತೀನ್ರಿ ಅತ್ತಿ.”

ಬುಚ್ಚಮ್ಮ ಕೈ ಬಿಡಲಿಲ್ಲ. ಹಿಡಿದುಕೊಂಡೇ ಹೆಣದ ತನಕ ಬಂದಳು. ಆಶಮ್ಮನ ಬಾಯಿ ಅರ್ಧ ತೆರೆದಿತ್ತು, ಹೆಸರು ಕರೆಯಲು ಹೊರಟಂತೆ. ನವನೀತಾ ಒಂದು ಚಂಬು ಹಾಕಿದಳು. ಮುಂಗೈ ಅತ್ತೆಯ ಹಿಡಿತದಲ್ಲೇ ಇತ್ತು. ನೀರು ಇಬ್ಬರ ಕೈಯಿಂದಲೂ ಬಿದ್ದಂತೆ ಬಿತ್ತು.

*

ಮಣ್ಣು ಮುಗಿದ ಮೇಲೆ ನವನೀತಾ ಅತ್ತೆಗೆ ಚೀಟಿ ತೋರಿಸಿದಳು. ತಲೆಯ ಮೇಲೆ ನೀರು ಹಾಕಿಕೊಂಡು, ಇಬ್ಬರೂ ಆಸ್ಪತ್ರೆಗೆ ಹೋದರು. ಬಾಗಿಲ ಬಳಿಯ ಸ್ಟೂಲು ಖಾಲಿ ಇತ್ತು. ಬುಚ್ಚಮ್ಮ ಬಾಟಲಿಯ ಮುಚ್ಚಳ ತೆಗೆದು ಕೊಟ್ಟಳು.

“ಕುಡಿ. ತಡಕೋ.”

ಎರಡೂ ಮುಕ್ಕಾಲಿಗೆ ನರ್ಸ್ ಒಳಗಿನಿಂದಲೇ ಹೆಸರು ಕರೆದಳು. ನವನೀತಾ ಎರಡನೇ ಸಲ ಕರೆದಾಗ ಎದ್ದಳು. ವರದಿಯಲ್ಲಿ ಏಳು ವಾರ ಎರಡು ದಿನ, ಎದೆಬಡಿತ ನಿಮಿಷಕ್ಕೆ 141 ಎಂದಿತ್ತು.

ಒಂಬತ್ತನೇ ದಿನ ಬುಚ್ಚಮ್ಮ ಸೊಸೆಗೆ ಕೊಡ ಎತ್ತಗೊಡದೆ ತಾನೇ ನೀರು ತಂದಳು. ಹತ್ತನೇ ದಿನ, ಬುಧವಾರ, ಬೆಳಿಗ್ಗೆ ಎಂಟಕ್ಕೆ ನವನೀತಾ ಮಗ್ಗದ ಗುಂಡಿಗೆ ಇಳಿದಳು.