ರಾಚಪ್ಪ ಮಾಸ್ತರರ ಅರ್ಧ ಕಪ್ ಚಹಾ

ಅಗರಖೇಡದ ರಾಚಪ್ಪ ಮಾಸ್ತರರು ಯಾರ ಮನೆಯಲ್ಲೂ ಪೂರ್ತಿ ಕಪ್ ಚಹಾ ಕುಡಿದವರಲ್ಲ. ಹೊಲದ ಬದುವಿನ ಜಗಳ ಬಿಡಿಸಲು ಹೋದರೆ ಈ ಮನೆಯಲ್ಲಿ ಅರ್ಧ, ಆ ಮನೆಯಲ್ಲಿ ಅರ್ಧ. ಒಂದು ಕಡೆ ಸಿಗದಿದ್ದರೆ ಇನ್ನೊಂದು ಕಡೆಯದನ್ನೂ ಮುಟ್ಟುತ್ತಿರಲಿಲ್ಲ. ಎಡಗಾಲನ್ನು ತುಸು ಎಳೆದು ಹಾಕುವ ಮಂದಗಮನ, ಕಡುಬೇಸಿಗೆಯಲ್ಲೂ ಮೈಬಿಡದ ಕಂದು ಕೋಟು, ಅದರ ಕಿಸೆಯಲ್ಲೊಂದು ಅಳತೆಯ ಟೇಪು. ಎದುರಿನವರು ಎಷ್ಟೇ ಕೂಗಾಡಲಿ, ಇವರದು ಒಂದೇ ಮಾತು: "ಅದಿರ್ಲಿ, ಮುಂದ?" ತಾಲೂಕು ಊರಾದ ಇಂಡಿಯ ಕೋರ್ಟು ಹತ್ತಬೇಕಿದ್ದ ಎಷ್ಟೋ ವ್ಯಾಜ್ಯಗಳು ಆ ಮಾತಿಗೇ ತಣ್ಣಗಾಗಿವೆ.

ಇಂಥ ಶಾಂತಮೂರ್ತಿ ಒಂದು ಬೆಳಿಗ್ಗೆ ಸರಕಾರದ ಮೇಲೆ ಕೆಂಡಾಮಂಡಲವಾದರು. ದೂರದೇಶದ ಯುದ್ಧದಲ್ಲಿ ಆಸ್ಪತ್ರೆಯ ಮೇಲೆ ಬಾಂಬು ಬಿದ್ದಿತ್ತು. ಉಭಯ ಪಕ್ಷಗಳೂ ಸಂಯಮ ವಹಿಸಿ ಮಾತುಕತೆಗೆ ಮರಳಲಿ ಎಂದಷ್ಟೇ ನಮ್ಮ ಸರಕಾರದ ಹೇಳಿಕೆ ಪತ್ರಿಕೆಯಲ್ಲಿತ್ತು. ಬಾಂಬು ಬಿದ್ದ ಆ ಊರಲ್ಲೇ ನರ್ಸಾಗಿದ್ದ ಪ್ರಜ್ಞಾ ಅವರ ಶಿಷ್ಯೆ. ಒಂಬತ್ತು ದಿನಗಳಿಂದ ಅವಳ ಫೋನಿರಲಿಲ್ಲ. ತಪ್ಪಿತಸ್ಥನ ಹೆಸರೆತ್ತದ ಸರಕಾರವನ್ನು ತರಾಟೆಗೆ ತೆಗೆದುಕೊಂಡು ಮಾಸ್ತರರು ದಿಲ್ಲಿಗೊಂದು ಪತ್ರ ಬರೆದು, ಸಹಿಗೆಂದು ಅವಳ ತಾಯಿ ಶೆಟ್ಟೆವ್ವನ ಮನೆಗೆ ಹೋದರು.

ಶೆಟ್ಟೆವ್ವ ಪೂರ್ತಿ ಕೇಳಿದಳು. ಪೆನ್ನು ಮುಟ್ಟಲಿಲ್ಲ.

"ಮಾಸ್ತರ್ರ, ನನ್ನ ಮಗಳು ಬರೋ ದಾರಿಯೊಳಗ ಕಾದಾಡೋ ಇಬ್ಬರ ಠಾಣೇನೂ ಅದಾವ್ರಿ. ಸರಕಾರದ ಫೋನ್ ಇಬ್ಬರೂ ಎತ್ತಬೇಕು."

"ಹಂಗಂತ ತಪ್ಪು ಯಾರದು ಅನ್ನೋದ ಬ್ಯಾಡೇನು?"

"ಬೇಕ್ರಿ. ಆದ್ರ ಬಾಜೂ ಹೊಲದ ಗುರುನಾಥಪ್ಪ ನಮ್ಮ ಬದು ಸರಿಸಿದಾಗ ನೀವೂ ಹೆಸರು ಹೇಳ್ಲಿಲ್ಲ. ನಮ್ಮ ನೆಲ ಎರಡು ಸಾಲು ಹೋಗಿತ್ತು, ಒಂದs ಕೊಡಿಸಿದ್ರಿ."

ಹನ್ನೆರಡು ವರ್ಷದ ಹಿಂದಿನ ಆ ಪಂಚಾಯ್ತಿಕೆ ಮಾಸ್ತರರಿಗೆ ನೆನಪಾಯಿತು. ನಾಚಿಕೆಯಾಯಿತು. ಪತ್ರವನ್ನು ಹರಿದು, ಅಲ್ಲೇ ಕುಳಿತು ಇನ್ನೊಂದು ಬರೆದರು: ಇಬ್ಬರೊಡನೆಯೂ ಮಾತು ಬಿಡಬೇಡಿ, ನಮ್ಮ ಮಕ್ಕಳನ್ನು ಕರೆತನ್ನಿ, ಬಳಿಕ ಬಾಂಬು ಹಾಕಿದವರ ಹೆಸರನ್ನು ಬಾಯಿಬಿಟ್ಟು ಹೇಳಿ. ಅದಕ್ಕೆ ಶೆಟ್ಟೆವ್ವ ಸಹಿ ಹಾಕಿದಳು.

ಪತ್ರವನ್ನು ಯಾರಾದರೂ ಓದಿದರೋ ಇಲ್ಲವೋ. ಆದರೆ ಕಾದಾಡುತ್ತಿದ್ದ ಇಬ್ಬರೂ ಸರಕಾರದ ಫೋನ್ ಎತ್ತಿದ್ದರು. ಅರ್ಧ ದಿನ ದಾರಿ ತೆರೆಯಿತು, ನರ್ಸುಗಳ ಬಸ್ಸು ಗಡಿ ದಾಟಿತು. ಪ್ರಜ್ಞಾ ಊರಿಗೆ ಬಂದ ಮರುದಿನವೇ ಮಾಸ್ತರರು ಟೇಪು ಹಿಡಿದು ಹೊಲಕ್ಕೆ ಹೋದರು. ಗುರುನಾಥಪ್ಪನ ಎದುರೇ ಅಳೆದು, "ಬದು ಸರಿಸಿದಾಂವ ನೀನs. ಅವತ್ತ ಹೇಳದs ಇದ್ದದ್ದು ನನ್ನ ತಪ್ಪು" ಎಂದರು. ಅವನು ಬೈದ. "ಅದಿರ್ಲಿ, ಮುಂದ?" ಎಂದು ಇವರು ಕಲ್ಲು ನೆಡುವ ಜಾಗ ತೋರಿಸಿದರು. ಗುರುನಾಥಪ್ಪನ ಮನೆಯ ಚಹಾ ಅಂದು ಸಿಗಲಿಲ್ಲ.

ಇಬ್ಬರ ಹೊಸ್ತಿಲನ್ನೂ ತುಳಿಯುವ ಇಂಥವರನ್ನು ನಾವು ಎಡಬಿಡಂಗಿಗಳೆಂದು ಹಂಗಿಸುತ್ತೇವೆ. ಎರಡೂ ಬಾಗಿಲು ತೆರೆದಿರುವುದರಿಂದಲೇ ಯಾರದೋ ಮಗಳು ಮನೆಗೆ ಬರುತ್ತಾಳೆ. ಆದರೆ ಅವಳು ಬಂದ ಮೇಲೂ ಸುಮ್ಮನಿದ್ದರೆ ಅವರು ಅರ್ಧ ಮನುಷ್ಯರೇ. ಅಂದು ಪ್ರಜ್ಞಾ ತಂದಿಟ್ಟ ಕಪ್ ಚಹಾವನ್ನು ಮಾಸ್ತರರು ಪೂರ್ತಿ ಕುಡಿದರು.